ಮೋನಪ್ಪಣ್ಣ ಹಿಡಿದಿಟ್ಟ ಸೀಟು

ನಂಬುವವರು ನಂಬಲಿ, ಬಿಡುವವರು ಬಿಡಲಿ. ಅರವತ್ತೊಂದನೇ ಇಸವಿಯಲ್ಲಿ ನಾನು ಮದರಾಸಿನ ಮಾಂಬಲದ ಉಡುಪಿ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿದ್ದೆ. ಮೋನಪ್ಪಣ್ಣ ಬೀಚ್ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವ. ತಾಂಬರಂನಲ್ಲಿ ಇಬ್ಬರಿಗೂ ಒಂದೇ ಕೋಣೆ.

ಸಂಜೆಯ ರೈಲು ಬೀಚ್‌ನಿಂದಲೇ ಹೊರಡುತ್ತಿತ್ತು. ಮೋನಪ್ಪಣ್ಣ ಮೊದಲೇ ಕಡೆಯ ಡಬ್ಬಿ ಹತ್ತಿ, ಹೆಗಲ ಮೇಲಿನ ಟವೆಲು, ಆ ಕೆಂಪಂಚಿನ ಬೈರಾಸನ್ನು, ಪಕ್ಕದ ಸೀಟಿಗೆ ಹಾಸಿ ನನಗಾಗಿ ಹಿಡಿದಿಡುತ್ತಿದ್ದ. ನಾನು ಮಾಂಬಲದಲ್ಲಿ ಹತ್ತಿದೊಡನೆ, "ದಿನವಿಡೀ ನಿಂತದ್ದು ಸಾಲದಾ ಮಾರಾಯ? ಕೂತ್ಕೋ," ಎನ್ನುತ್ತಿದ್ದ. ಆ ಊರಿನಲ್ಲಿ ನನ್ನ ಕಾಲುನೋವು ಕೇಳಿದವನು ಅವನೊಬ್ಬನೇ.

ಆಷಾಢದ ಹೊತ್ತಿಗೆ, ನಮ್ಮ ಆಟಿ ತಿಂಗಳಲ್ಲಿ, ಜ್ವರ ಬಂದು ಹೋಗಿಬಿಟ್ಟ. ಆ ಬೈರಾಸನ್ನು ನಾನೇ ಅವನ ಎದೆಯ ಮೇಲೆ ಹೊದಿಸಿ ಚಿತೆಗೆ ಬೆಂಕಿಯಿಟ್ಟೆ.

ಮತ್ತೆ ಕೆಲಸಕ್ಕೆ ಹೋದ ದಿನ ಸಂಜೆ ಅದೇ ಕಡೆಯ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಒಂದು ಸೀಟು ಖಾಲಿ. ಅದರ ಮೇಲೆ ಕೆಂಪಂಚಿನ ಬೈರಾಸು, ಒದ್ದೆ ಒದ್ದೆ, ಇಂಗಿನ ವಾಸನೆ. ಎದುರಿಗಿದ್ದ ಹೂವಿನ ಹೆಂಗಸು, "ಉಕ್ಕಾರುಂಗ ಸಾರ್, ಉಂಗ ಅಣ್ಣನ್ ಇಡಂ ಪಿಡಿಚ್ಚು ವೆಚ್ಚಿರ್ಕಾರು," ಎಂದಳು. ಕೂರಬೇಕಂತೆ, ನನ್ನ ಅಣ್ಣ ಜಾಗ ಹಿಡಿದಿಟ್ಟಿದ್ದಾನಂತೆ. ಎಲ್ಲಿ ಎಂದರೆ ಬಾಗಿಲ ಕಡೆ ಕೈ ತೋರಿಸಿದಳು. ಅಲ್ಲಿ ಯಾರೂ ಇರಲಿಲ್ಲ. ನಾನು ತಾಂಬರಂವರೆಗೂ ನಿಂತೇ ಹೋದೆ.

ಮರುದಿನ ಬೇಕೆಂದೇ ಒಂದು ರೈಲು ಬಿಟ್ಟು, ಮುಂದಿನದರ ಮೊದಲ ಡಬ್ಬಿ ಹತ್ತಿದೆ. ಅಲ್ಲಿಯೂ ಆ ಬೈರಾಸು ಹಾಸಿತ್ತು. ಎಷ್ಟು ದಿನ ನಿಲ್ಲುವುದು? ಕೂತೆ.

ಸೀಟಿನ ಹಲಗೆ ಬಿಸಿಯಾಗಿತ್ತು. ತಾಂಬರಂ ಬಂದರೂ ಆರಲಿಲ್ಲ.