ಲಿಸಾಂದ್ರೋನ ಮರ

ಕಾಡಿನಂಚಿನ ಹಳೆಯ ಯೆರ್ಬಾ ಮರ ನೆಲಕ್ಕುರುಳಿತ್ತು. ಯಾರೂ ನೆಟ್ಟದ್ದಲ್ಲ, ತಾನಾಗಿ ಬೆಳೆದ ಮರ. ಬುಡದಲ್ಲಿ ಕೊಡಲಿಯ ಹಸಿ ಏಟು. ಬೆಳಿಗ್ಗೆ ಅದನ್ನು ಮೊದಲು ಕಂಡ ಸೆಲ್ಸಾಳ ಚೀತ್ಕಾರ ಪಕ್ಕದ ತೋಟದವರೆಗೂ ಕೇಳಿಸಿತ್ತು.

ಹೋದ ಚಳಿಗಾಲ ಎಲೆ ಕೊಯ್ಯಲು ಹತ್ತಿದ ಅವಳ ಮಗ ಲಿಸಾಂದ್ರೋ ಈ ಮರದಿಂದಲೇ ಬಿದ್ದು ಸತ್ತಿದ್ದ. ಬುಡದಲ್ಲಿ ಪುಟ್ಟ ಶಿಲುಬೆ ನೆಟ್ಟಿದ್ದರು. ಸೆಲ್ಸಾ ದಿನವೂ ಅಲ್ಲಿ ಕೂತು, ಸೋರೆ ಬುರುಡೆಯಲ್ಲಿ ಯೆರ್ಬಾ ಎಲೆಯ ಚಹಾ ಹೀರುತ್ತಾ, ಮರವನ್ನು ಮಾತಾಡಿಸುತ್ತಿದ್ದಳು.

ಪೊಲೀಸ್ ಅಧಿಕಾರಿ ಇರ್ಮಾ ಮರದ ಸುತ್ತ ಒಂದು ಸುತ್ತು ಬಂದಳು.

"ಯಾರ ಮೇಲೆ ಅನುಮಾನ?"

"ಇನ್ಯಾರು? ಪಕ್ಕದ ತೋಟದ ಸಾವ್ಚುಕ್!" ಸೆಲ್ಸಾಳ ಗಂಡ ಎವಾರಿಸ್ತೋ ಗುಡುಗಿದ. "ಹೋದ ವಾರ ಇದೇ ಮರದ ಕೆಂಪು ಹಣ್ಣು ಕಿತ್ಕೊಳ್ತಿದ್ದ, ಬೀಜಕ್ಕೆ. ನಮಗೆ ಸಿಗಬಾರದು ಅಂತ ಕಡಿದು ಹಾಕಿದಾನೆ."

"ನೀವೇ ನೋಡಿದ್ರಾ?"

"ಕಣ್ಣಾರೆ! ಚೀಲದ ತುಂಬಾ."

ಸೆಲ್ಸಾ ಗಂಡನ ಮುಖ ನೋಡಿ ತಲೆ ತಗ್ಗಿಸಿದಳು.

ಬೇಲಿಯಾಚೆ ಸಾವ್ಚುಕ್ ಟೋಪಿ ತೆಗೆದು ನಿಂತ. "ಆ ಹುಡುಗನ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ನಾನು, ಮೇಡಂ. ಅವನ ಮರಕ್ಕೆ ಕೊಡಲಿ ಹಾಕ್ತೀನಾ?"

ಇರ್ಮಾ ಮರದ ಬಳಿಗೆ ಹಿಂದಿರುಗಿ, ಬಿದ್ದ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

"ಸೆಲ್ಸಾ ಅಕ್ಕಾ, ಇದು ಹಣ್ಣು ಬಿಡ್ತಿತ್ತಾ?"

ಸೆಲ್ಸಾ ಬಿದ್ದ ಕೊಂಬೆಯೊಂದನ್ನು ಸವರಿದಳು.

"ಇಲ್ಲ. ಗಂಡು ಮರ. ಬರೀ ಹೂವು."

ಇರ್ಮಾ ಎವಾರಿಸ್ತೋನತ್ತ ತಿರುಗಿದಳು. "ಕಾಡಿನ ಹೆಣ್ಣು ಮರಗಳೆಲ್ಲ ಈಗ ಕೆಂಪಗಿವೆ. ಇಲ್ಲಿ ಹಣ್ಣಿನ ಒಂದೇ ಒಂದು ತೊಟ್ಟೂ ಇಲ್ಲ. ಇಲ್ಲದ ಹಣ್ಣನ್ನ ನೀವು ಹೇಗೆ ಕಂಡ್ರಿ? ಇನ್ನೊಂದು—ಮರ ವಾಲಿದ್ದದ್ದು ಶಿಲುಬೆಯ ಕಡೆಗೆ. ಹಗ್ಗ ಕಟ್ಟಿ ಆಚೆಗೆ ಎಳೆದಿದಾರೆ, ಕೊಂಬೆಯ ಮೇಲೆ ಉಜ್ಜಿದ ಗುರುತಿದೆ. ಶಿಲುಬೆಗೆ ಒಂದು ಎಲೆಯೂ ತಾಗಿಲ್ಲ. ಹಗೆಯವನಿಗೆ ಅಷ್ಟು ಜೋಪಾನ ಯಾಕೆ? ಕಡಿದವರು ನೀವೇ."

ಎವಾರಿಸ್ತೋ ಬಿದ್ದ ಕಾಂಡದ ಮೇಲೆ ಕೂತ.

"ನನ್ನ ಮಗನನ್ನ ನುಂಗಿದ ಮರ ಇದು! ಇವಳು ದಿನಾ ಇದರ ಹತ್ರ ಮಾತಾಡ್ತಾಳೆ. ನನ್ನ ಹತ್ರ ಒಂಬತ್ತು ತಿಂಗಳಿಂದ ಒಂದು ಮಾತಿಲ್ಲ..."

"ಗಂಡು ಮರ ಅಂತಾನೂ ಗೊತ್ತಿರ್ಲಿಲ್ವಾ ನಿನಗೆ?" ಸೆಲ್ಸಾ ಅವನತ್ತ ತಿರುಗಿದಳು. "ಊಟಕ್ಕೆ ಕೂತಾಗೆಲ್ಲ ಅದನ್ನೇ ಹೇಳ್ತಿದ್ದನಲ್ಲ ಲಿಸಾಂದ್ರೋ!"

"ನಾನು ಕೇಳಿಸ್ಕೊಳ್ತಿರ್ಲಿಲ್ಲ."

ಇರ್ಮಾ ದೂರಿನ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಳು.

"ಸೆಲ್ಸಾ, ಇನ್ನೇನೇನು ಹೇಳ್ತಿದ್ದ ಅವನು?" ಎಂದು ಎವಾರಿಸ್ತೋ ಕೇಳಿದ.

ಅವಳು ಅವನ ಪಕ್ಕದಲ್ಲೇ ಕೂತಳು. ಹೇಳಲು ಬಾಯಿ ತೆರೆದಳು. ಅಳು ಬಂತು.