ಎಲ್ಲವನ್ನೂ ತುಂಬಿಕೊಂಡ ಚೀಲ

ಬಹಳ ಹಿಂದೆ, ಬೆಟ್ಟಗಳೂ ಮಾತು ಕೇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಮುಗಿಲಪುರ ಎಂಬ ರಾಜ್ಯವಿತ್ತು. ಅಲ್ಲಿ ಗೋಣಿಚೀಲ ಹೊಲಿದು ಬದುಕುವ ಅಣ್ಣ ತಂಗಿ ಇದ್ದರು. ಅಣ್ಣ ಮಾಳಿಂಗ, ತಂಗಿ ಸಾತವ್ವ.

ಒಂದು ದಿನ ಕರಾಳಕೇತು ಎಂಬ ಮಾಂತ್ರಿಕ ಎರಡು ತಲೆಯ ಹುಲಿಯೇರಿ ಅರಮನೆಯ ಅಂಗಳಕ್ಕೆ ಬಂದ. ಅವನ ಕೈಯಲ್ಲಿ ಒಂದು ಕಪ್ಪು ಚೀಲ.

"ದೊರೆಯೇ, ಇಡೀ ಬ್ರಹ್ಮಾಂಡ ಈ ಚೀಲದೊಳಗಿದೆ. ಇದರ ಹೊರಗೆ ಏನೂ ಇಲ್ಲ. ಹಾಗಾಗಿ ಎಲ್ಲಕ್ಕೂ ನಾನೇ ಒಡೆಯ," ಎಂದ.

ಅರಮನೆಗೆ ಗೋಣಿಚೀಲ ಕೊಡಲು ತಂಗಿಯೊಡನೆ ಬಂದಿದ್ದ ಮಾಳಿಂಗ ಗೊಳ್ಳೆಂದು ನಕ್ಕ. "ಚೀಲ ಹೊಲಿಯುವವರ ಮುಂದೆ ಚೀಲದ ಜಂಭವೇ?"

ಚೀಲ ಬಾಯಿ ತೆರೆಯಿತು. ಮಾಳಿಂಗ ಒಳಗೆ ಹೋದ.

ಸಾತವ್ವ ಓಡಿ ಬಂದಳು. "ನಮ್ಮಣ್ಣನನ್ನು ಬಿಡು!"

"ಚೀಲದ ಹೊರಗಿರುವ ಒಂದೇ ಒಂದು ವಸ್ತು ತೋರಿಸು, ಬಿಡುತ್ತೇನೆ. ತೋರಿಸಿದರೆ ನನ್ನ ಮಂತ್ರವೂ ಸತ್ತುಹೋಗುತ್ತದೆ. ಮೂರು ಸಲ ಹೇಳಬಹುದು. ತಪ್ಪಿದರೆ ನೀನೂ ಒಳಗೆ, ರಾಜ್ಯವೂ ನನಗೆ."

ಸಾತವ್ವ ದೊಡ್ಡದನ್ನೇ ಹುಡುಕಿದಳು. "ಅಗೋ, ಆ ಬೆಟ್ಟ!"

ಚೀಲ ಬಾಯಿ ತೆರೆಯಿತು. ಬೆಟ್ಟ ಒಳಗೆ ಹೋಯಿತು.

"ಎಲ್ಲಿದೆ ಬೆಟ್ಟ?" ಎಂದ ಮಾಂತ್ರಿಕ.

ಅವಳು ಇನ್ನೂ ದೊಡ್ಡದನ್ನು ಹುಡುಕಿದಳು. "ಹಾಗಾದರೆ ಆಕಾಶ!"

ಚೀಲ ಬಾಯಿ ತೆರೆಯಿತು. ಸೂರ್ಯ ಚಂದ್ರ ನಕ್ಷತ್ರಗಳ ಸಮೇತ ಆಕಾಶ ಚಾಪೆಯಂತೆ ಸುರುಳಿ ಸುತ್ತಿಕೊಂಡು ಒಳಗೆ ಹೋಯಿತು. ಅಂಗಳದ ಮೇಲೆ ಬೂದಿಬಣ್ಣದ ಮಂಕು ಬೆಳಕಷ್ಟೇ ಉಳಿಯಿತು. ಜನ ಗೋಳಾಡಿದರು. ದೊರೆ ತಲೆಗೆ ಕೈಹೊತ್ತು ಕುಳಿತ.

"ಆಕಾಶಕ್ಕಿಂತ ದೊಡ್ಡದು ಏನಿದೆ ಹುಡುಗಿ?" ಮಾಂತ್ರಿಕ ಹಲ್ಲು ಕಿರಿದ.

 ಸಾತವ್ವ ಚೀಲವನ್ನೇ ದಿಟ್ಟಿಸಿ ನೋಡಿದಳು. ಹೊಲಿಗೆ ಗಟ್ಟಿಯಾಗಿತ್ತು. ಆದರೆ ಬಾಯಿ ಕಟ್ಟಿರಲಿಲ್ಲ. ಅವರ ಕಸುಬಿನಲ್ಲಿ ಬಾಯಿ ಕಟ್ಟದ ಚೀಲವನ್ನು ತುಂಬಿದ ಚೀಲ ಎನ್ನುವುದಿಲ್ಲ.

"ಇದರ ಬಾಯಿ ಕಟ್ಟುವವರು ಯಾರು?" ಎಂದು ಕೇಳಿದಳು.

"ಇನ್ನಾರು? ನಾನೇ."

"ಎಲ್ಲಿ ನಿಂತು ಕಟ್ಟುತ್ತೀ? ನೀನು ಹೊರಗೇ ಇದ್ದೀಯಲ್ಲ! ಇದೇ ನನ್ನ ಮೂರನೆಯ ಮಾತು. ಚೀಲದ ಹೊರಗೆ ನೀನಿದ್ದೀ!"

ಜನ ಹೋ ಎಂದು ಕೂಗಿದರು. ಮಾಂತ್ರಿಕನ ಮುಖ ಕೆಂಪಾಯಿತು. ಹುಲಿಯನ್ನು ಒಳಗೆ ತಳ್ಳಿದ, ತಾನೂ ಧುಮುಕಿದ. ಒಳಗಿಂದ ಕೂಗಿದ: "ಈಗ ಹೇಳು! ಬಾಯಿ ಕಟ್ಟು, ಆಮೇಲೆ ನೀನೂ ಬಾ!"

"ಕಟ್ಟಿದ ಮೇಲೆ ಬರುವುದು ಹೇಗೆ ಮಾರಾಯ? ಬಂದ ಮೇಲೆ ಕಟ್ಟುವುದು ಹೇಗೆ? ಅದೂ ಹೋಗಲಿ, ಈ ಚೀಲ ಎಲ್ಲಿದೆ? ಅದೂ ಒಳಗಿದೆಯೋ?"

"ಅದನ್ನೂ ಎಳೆದುಕೊಳ್ಳುತ್ತೇನೆ!"

ಚೀಲದ ಅಂಚು ಹಿಡಿದು ಒಳಕ್ಕೆ ಎಳೆದ. ಎಳೆದ, ಎಳೆದ, ಇನ್ನೂ ಎಳೆದ. ಚೀಲ ಸರಕ್ಕನೆ ಒಳಹೊರಗಾಗಿ ಮಗುಚಿಕೊಂಡಿತು. ಆಕಾಶ ಹಾರಿ ಮೇಲೆ ಹೋಯಿತು. ಬೆಟ್ಟ ತನ್ನ ಜಾಗದಲ್ಲಿ ಕುಳಿತಿತು. ಹುಲಿ ಒಂದೇ ತಲೆಯ ಬಡಪಾಯಿ ಬೆಕ್ಕಾಗಿ ಓಡಿತು. ಮಾಳಿಂಗ ಕೆಮ್ಮುತ್ತಾ ಎದ್ದು, "ಒಳಗೆ ವಿಪರೀತ ಧೂಳು ಕಣೇ," ಎಂದ. ಸಾತವ್ವ ಅವನನ್ನು ತಬ್ಬಿಕೊಂಡು ಅತ್ತಳು, ಬೈದಳು, ಮತ್ತೆ ಅತ್ತಳು.

ಮಂತ್ರ ಸತ್ತ ಕರಾಳಕೇತು ಬರಿಯ ಮುದುಕನಾಗಿ ಅಂಗಳದಲ್ಲಿ ಕುಳಿತಿದ್ದ.

ದೊರೆ ಕೇಳಿದ: "ತಾಯೀ, ಹಾಗಾದರೆ ಬ್ರಹ್ಮಾಂಡ ಎಂದರೇನು? ಅದರ ಹೊರಗೆ ಏನಾದರೂ ಇದೆಯೇ?"

"ಎಲ್ಲ ಅಂದಮೇಲೆ ನೀವೂ ನಾನೂ ಈ ಪ್ರಶ್ನೆಯೂ ಅದರಲ್ಲೇ ಬಂತಲ್ಲ ದೊರೆ. ಹೊರಗೆ ನಿಂತು ಅದರ ಬಾಯಿ ಕಟ್ಟುವುದಕ್ಕೆ ಯಾರಿಗೂ ಜಾಗವಿಲ್ಲ. ಕಟ್ಟಲಾಗದ್ದಕ್ಕೆ ಒಡೆಯನೂ ಇಲ್ಲ."

ದೊರೆ ಸಿಂಹಾಸನದಿಂದ ಇಳಿದು ಅವಳಿಗೆ ಕೈಮುಗಿದ. ಏಳು ದಿನ ಊರೆಲ್ಲ ಹೋಳಿಗೆ ಉಂಡಿತು. ಕರಾಳಕೇತುವಿಗೂ ಒಂದು ಎಲೆ ಹಾಕಿದರು. ಆಮೇಲೆ ಮುಗಿಲಪುರದಲ್ಲಿ ಎಲ್ಲರೂ ತುಂಬು ಬಾಳು ಬಾಳಿದರು, ಯಾರೊಬ್ಬರೂ ಹೊರಗುಳಿಯಲಿಲ್ಲ.