ದುಬೈಯಿಂದ ಬಂದ ಸೋನಿಯಾ

ಶನಿವಾರ ಮಧ್ಯಾಹ್ನ ಎರಡೂವರೆಗೆ ಉದ್ಯಾವರದ ಮೌರಿಸ್ ಕಾಪು ಠಾಣೆಗೆ ಬಂದು ದೂರು ಕೊಟ್ಟರು. ಮಗಳು ಒಲಿಂಡಾಳಿಗೆ ಗಂಡಿನ ಮನೆಯಿಂದ ಬಂದಿದ್ದ ಸಾಡೊ, ಅಂದರೆ ಮದುವೆಯ ಕೆಂಪು ಸೀರೆಯನ್ನು, ಯಾರೋ ಕತ್ತರಿಯಿಂದ ಚೂರು ಚೂರು ಮಾಡಿದ್ದರು. ಮದುವೆ ಸೋಮವಾರ. ಅಪಶಕುನವೆಂದು ಗಂಡು ಸ್ಟೀವನ್‌ನ ತಾಯಿ ಮದುವೆಯನ್ನೇ ಮುಂದೂಡಲು ಹೊರಟಿದ್ದರು. ಸ್ಟೀವನ್‌ಗೆ ದುಬೈಯಲ್ಲಿ ಕೆಲಸ, ರಜೆ ಮುಗಿದರೆ ಮತ್ತೆ ಒಂದು ವರ್ಷ ಕಾಯಬೇಕು.

"ಸೀರೆಗೂ ಎಫ್‌ಐಆರಾ?" ಎಂದು ಯಾರೋ ನಕ್ಕರು. ಎಸ್‌ಐ ಸುಗಂಧಿ ದಾಖಲಿಸಿಯೇ ಹೊರಟರು.

ಮೂರೂವರೆಗೆ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಕೀಲಿಕೈ ಹೂಕುಂಡದ ಕೆಳಗೇ ಇತ್ತು. ಹನ್ನೆರಡರಿಂದ ಒಂದರವರೆಗೆ ಮನೆಯವರೆಲ್ಲ ಚರ್ಚಿನ ಹಾಲ್‌ನಲ್ಲಿದ್ದರು. ಬಂದವರಿಗೆ ಮನೆಯ ಗುಟ್ಟೆಲ್ಲ ಗೊತ್ತಿತ್ತು.

ಒಲಿಂಡಾಳ ಬಾಲ್ಯದ ಗೆಳತಿ ಸೋನಿಯಾ ಮೂರು ಗಂಟೆಗೆ ಸೂಟ್‌ಕೇಸ್ ಸಮೇತ ಬಂದಿಳಿದಿದ್ದಳು.

"ಎಲ್ಲಿಂದ ಬಂದದ್ದು?" ಸುಗಂಧಿ ಅವಳನ್ನು ಕೇಳಿದರು.

"ದುಬೈಯಿಂದ ಮೇಡಂ. ಎರಡು ಸಾವಿರದ ಮೇಲೆ ಕಿಲೋಮೀಟರ್ ಉಂಟು, ಮೂರೂವರೆ ಗಂಟೆ. ಹತ್ತಕ್ಕೆ ಹೊರಟು ಒಂದೂವರೆಗೆ ಮಂಗಳೂರಲ್ಲಿ ಇಳಿದೆ."

"ಹತ್ತು ಅಂದರೆ ಅಲ್ಲಿಯ ಗಂಟೆಯಾ?"

"ಅಲ್ಲಿಯದೇ."

ಅಂಗಳಕ್ಕೆ ಬಂದ ಮೇಲೆ ಹೆಡ್ ಕಾನ್‌ಸ್ಟೆಬಲ್ ವಾಸು ತಲೆ ಕೆರೆದುಕೊಂಡರು. "ನನ್ನ ಭಾವ ದುಬೈಯಿಂದ ಬಂದಾಗಲೆಲ್ಲ ಲಗೇಜಿನ ಜಗಳ ಹೇಳ್ತಾನೆ, ಊಟ ಸರಿ ಇಲ್ಲ ಅಂತಾನೆ. ಕಿಲೋಮೀಟರ್ ಹೇಳಿದ್ದೇ ಇಲ್ಲ ಮೇಡಂ. ಮತ್ತೆ ನಮ್ಮ ಗಡಿಯಾರ ಒಂದೂವರೆ ಗಂಟೆ ಮುಂದೆ ಅಲ್ವಾ? ಹತ್ತಕ್ಕೆ ಹೊರಟದ್ದು ಇಲ್ಲಿ ಇಳಿಯುವಾಗ ಮೂರಾಗ್ತದೆ."

ಈ ಕಡೆ ಗಲ್ಫಿಗೆ ಫೋನ್ ಮಾಡುವ ಯಾವ ಮನೆಯಲ್ಲೂ ಈ ಲೆಕ್ಕ ತಪ್ಪುವುದಿಲ್ಲ. ಫೋನ್ ಮಾಡಲು ಅಲ್ಲಿ ಯಾರೂ ಇಲ್ಲದವರಿಗೆ ಮಾತ್ರ ತಪ್ಪುತ್ತದೆ.

"ಪಾಸ್‌ಪೋರ್ಟ್ ಕೊಡಿ," ಎಂದರು ಸುಗಂಧಿ ಮತ್ತೆ ಒಳಗೆ ಹೋಗಿ.

ಸೋನಿಯಾ ಬ್ಯಾಗಿನಲ್ಲಿ ಬಹಳ ಹೊತ್ತು ಹುಡುಕಿದಳು. ಅವಳಿಗೆ ಪಾಸ್‌ಪೋರ್ಟೇ ಇರಲಿಲ್ಲ. ಕೆಲಸ ಕಾರ್ಕಳದ ಬಟ್ಟೆ ಅಂಗಡಿಯಲ್ಲಿ. ಒಲಿಂಡಾಳಿಗೆ ದುಬೈ ಗಂಡು ಗೊತ್ತಾದ ದಿನ ಹೊಟ್ಟೆ ಉರಿದು, ತನಗೂ ಅಲ್ಲಿ ಕೆಲಸ ಸಿಕ್ಕಿತೆಂದು ಸುಳ್ಳು ಹೇಳಿದ್ದಳು. ಎರಡು ತಿಂಗಳು ಬರೀ ಮೆಸೇಜಿನಲ್ಲಿ ಆ ಸುಳ್ಳನ್ನು ಸಾಕಿದಳು. ಮದುವೆಯಾದ ವಾರದಲ್ಲೇ ದುಬೈಯ ನಿನ್ನ ರೂಮಿಗೆ ಬರುತ್ತೇನೆಂದು ಒಲಿಂಡಾ ಕುಣಿಯುತ್ತಿದ್ದಳು. ಮದುವೆ ನಿಂತರೆ ಸಾಕಿತ್ತು. ಮನೆ ಖಾಲಿಯಿದ್ದಾಗ ಹೂಕುಂಡದ ಕೀಲಿಕೈ ತೆಗೆದು ಒಳಗೆ ಹೋಗಿ ಸಾಡೊಗೆ ಕತ್ತರಿ ಹಾಕಿದ್ದಳು.

ಐದೂವರೆಗೆ ಬಂಧನವಾಯಿತು. ವಿಷಯ ತಿಳಿದ ಸ್ಟೀವನ್ ತಾಯಿಯನ್ನು ಒಪ್ಪಿಸಿದ. ಒಲಿಂಡಾ ತನ್ನ ಅಮ್ಮನ ಹಳೆಯ ಸಾಡೊ ಉಡುವುದೆಂದು, ಸೋಮವಾರವೇ ಮದುವೆಯೆಂದು ತೀರ್ಮಾನವಾಯಿತು.

ಜೀಪಿನ ಹತ್ತಿರ ಬಂದ ಒಲಿಂಡಾ ಕೇಳಿದಳು, "ಎಂತಕ್ಕೆ ಸೋನಿ?"

ಸೋನಿಯಾ ಅವಳತ್ತ ನೋಡಲಿಲ್ಲ. ಸುಗಂಧಿಯವರಿಗೇ ಹೇಳಿದಳು, "ಮಾರ್ಕು, ಉಂಗುರ, ಹುಡುಗನ ಫೋಟೊ, ಎಲ್ಲ ಮೊದಲು ನನಗೇ ತೋರಿಸುವುದು ಮೇಡಂ. ಈ ಸೀರೆಯನ್ನೂ, ಫೋನಿನಲ್ಲಿ. ಅವಳಿಗೆ ನನ್ನ ಮೇಲೆ ಅಷ್ಟು ಪ್ರೀತಿ."